ವೀಸಾ ಬಂತು, ಕರಾರುಪತ್ರ ಎಲ್ಲಿ?

ನಮ್ಮ ಕರಾವಳಿಯ ಕಥೋಲಿಕ ಮನೆಗಳಲ್ಲಿ 'ವೀಸಾ ಬಂತು' ಎಂಬ ಎರಡು ಶಬ್ದಗಳಿಗಿರುವ ತೂಕ ಬೇರೆ ಯಾವ ಸುದ್ದಿಗೂ ಇಲ್ಲವೆಂದೇ ಹೇಳಬೇಕು. ಆ ಮಾತು ಕಿವಿಗೆ ಬಿದ್ದ ಗಳಿಗೆಯಿಂದ ಮನೆಯ ಲೆಕ್ಕಾಚಾರವೇ ಬದಲಾಗುತ್ತದೆ. ತಂಗಿಯ ಮದುವೆಯ ಮಾತುಕತೆಗೆ ಧೈರ್ಯ ಬರುತ್ತದೆ. ಸೋರುವ ಹಂಚಿನ ಮಾಡಿನ ಜಾಗದಲ್ಲಿ ತಾರಸಿಯ ಕನಸು ಮೂಡುತ್ತದೆ. ತಾಯಿಯ ಕೊರಳಿನ ಸರ ಅಡವಿನ ಚೀಟಿಯಾಗಿ ಕಪಾಟು ಸೇರುತ್ತದೆ. ಕಾಪು, ಶಿರ್ವ, ಉಡುಪಿ, ಕಲ್ಯಾಣಪುರ, ಬೆಳ್ಮಣ್, ಕಾರ್ಕಳ ಎಂದು ಯಾವ ಧರ್ಮಕೇಂದ್ರಕ್ಕೆ ಹೋದರೂ ಕೊಲ್ಲಿ ರಾಷ್ಟ್ರಗಳಲ್ಲಿ ಒಬ್ಬರಾದರೂ ದುಡಿಯದ ಅಥವಾ ದುಡಿದು ಬಾರದ ಮನೆಗಳು ವಿರಳ.

ಆದರೆ ವೀಸಾ ಬಂದಿತೆಂದು ಹರ್ಷದಿಂದ ತಿಳಿಸುವವರನ್ನು "ಕರಾರುಪತ್ರ ಬಂದಿದೆಯೇ? ಅದರಲ್ಲಿ ಮೂಲವೇತನ ಎಷ್ಟೆಂದು ಬರೆದಿದೆ?" ಎಂದು ವಿಚಾರಿಸಿದರೆ ಹೆಚ್ಚಿನ ಕಡೆ ದೊರೆಯುವ ಉತ್ತರ ಒಂದೇ: "ಅದೆಲ್ಲ ಅಲ್ಲಿಗೆ ಹೋದ ಮೇಲೆ ಕೊಡುತ್ತಾರಂತೆ." ಈ 'ಅಂತೆ'ಯ ಬಗ್ಗೆಯೇ ಇಂದು ನಾವು ಬರೆಯಹೊರಟಿದ್ದೇವೆ. ವೀಸಾ ಎಂದರೆ ಪರದೇಶದ ಸರಕಾರವು ತನ್ನ ಗಡಿಯೊಳಗೆ ಬರಲು ಕೊಡುವ ಅನುಮತಿ ಮಾತ್ರ. ಎಷ್ಟು ಸಂಬಳ, ಎಷ್ಟು ಗಂಟೆ ದುಡಿಮೆ, ವಸತಿ ಯಾರದು, ರಜೆಗೆ ಟಿಕೇಟು ಯಾರದು, ಕೆಲಸದಿಂದ ತೆಗೆದರೆ ಎಷ್ಟು ದಿನಗಳ ನೋಟೀಸು ಎಂಬ ವಿಷಯಗಳನ್ನು ಅದು ಹೇಳುವುದಿಲ್ಲ. ಅವನ್ನು ಹೇಳುವುದು ನೇಮಕಾತಿ ಪತ್ರ ಮತ್ತು ಉದ್ಯೋಗ ಕರಾರು. ಅದನ್ನು ಓದದೆ ವಿಮಾನ ಏರುವವನು ತನ್ನ ಜೀವನದ ಎರಡು ಮೂರು ವರ್ಷಗಳನ್ನು ಯಾವ ಬೆಲೆಗೆ ಕೊಡುತ್ತಿದ್ದೇನೆಂಬುದನ್ನು ಅರಿಯದೆಯೇ ಕೊಟ್ಟಂತಾಗುತ್ತದೆ.

ನಮ್ಮ ಹಿರಿಯರು ಪರದೇಶಕ್ಕೆ ಹೋದ ಬಗೆಯೇ ಈ ಅಭ್ಯಾಸಕ್ಕೆ ಮೂಲವಿರಬಹುದು. ಮೊದಲು ಮುಂಬಯಿ, ಅಲ್ಲಿಂದ ಹಡಗಿನಲ್ಲಿ ಬಹರೈನ್, ಕುವೈಟ್. ಕುವೈಟಿನಿಂದ ತೈಲ ರಫ್ತು ಆರಂಭವಾದುದು 1946ರಲ್ಲಿ. 1961ರಲ್ಲಿ ದಿನಾರು ಬರುವವರೆಗೂ ಅಲ್ಲಿ ಚಲಾವಣೆಯಲ್ಲಿದ್ದುದು ನಮ್ಮ ರೂಪಾಯಿ ಎಂಬುದನ್ನು ಇಂದಿನ ತರುಣರು ನಂಬಲಿಕ್ಕಿಲ್ಲ. ಆ ಕಾಲದಲ್ಲಿ ಚಿಕ್ಕಪ್ಪನೊಬ್ಬ ಕಂಪೆನಿಯಲ್ಲಿದ್ದರೆ ಅಣ್ಣನ ಮಗನನ್ನು ಕರೆಸಿಕೊಳ್ಳುತ್ತಿದ್ದ. ಆತನ ಮಾತೇ ಕರಾರು. 1973ರ ಅನಂತರ ತೈಲಬೆಲೆ ಏರಿ ಸಾವಿರಾರು ಮಂದಿಗೆ ಒಮ್ಮೆಲೇ ಬೇಡಿಕೆ ಬಂದಾಗ ಚಿಕ್ಕಪ್ಪನ ಸ್ಥಾನಕ್ಕೆ ಏಜೆಂಟ್ ಬಂದ. ನಂಬಿಕೆ ಮಾತ್ರ ಹಳೆಯದೇ ಉಳಿಯಿತು.

ಕಾಗದದ ಬೆಲೆ ಏನೆಂಬುದು ಈ ಕರಾವಳಿಗೆ ಒಮ್ಮೆ ಚೆನ್ನಾಗಿಯೇ ಅರಿವಾಗಿತ್ತು. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈಟನ್ನು ಆಕ್ರಮಿಸಿದಾಗ ಅಲ್ಲಿದ್ದ 1,70,000ಕ್ಕೂ ಹೆಚ್ಚು ಭಾರತೀಯರನ್ನು ಜೋರ್ಡಾನಿನ ಅಮ್ಮಾನ್ ನಗರದ ಮೂಲಕ ವಿಮಾನಗಳಲ್ಲಿ ಸ್ವದೇಶಕ್ಕೆ ಕರೆತರಲಾಯಿತು. ಕೈಚೀಲವೊಂದನ್ನೇ ಹಿಡಿದು ಮನೆ ಸೇರಿದವರು ನಮ್ಮ ನಡುವೆ ಅನೇಕರಿದ್ದರು. ಮುಂದೆ ಸಂಯುಕ್ತ ರಾಷ್ಟ್ರ ಸಂಘವು ನಷ್ಟಪರಿಹಾರ ಆಯೋಗವೊಂದನ್ನು 1991ರಲ್ಲಿ ಸ್ಥಾಪಿಸಿತು. ಕುವೈಟಿನಿಂದ ಹೊರಟು ಬಂದುದಕ್ಕೆ ದಾಖಲೆ ತೋರಿಸಿದ ಒಂಟಿ ವ್ಯಕ್ತಿಗೆ 2,500 ಡಾಲರುಗಳಿಂದ ಆರಂಭವಾಗುವ ನಿಗದಿತ ಪರಿಹಾರವಿತ್ತು. ಸಂಬಳ, ಸಾಮಾನು, ಉಳಿತಾಯಗಳ ನಷ್ಟಕ್ಕೆ 1,00,000 ಡಾಲರುಗಳವರೆಗೆ ಬೇರೆಯೇ ಬೇಡಿಕೆ ಸಲ್ಲಿಸಬಹುದಿತ್ತು. ಅದಕ್ಕೆ ಸಾಕ್ಷ್ಯಗಳು ಬೇಕಾಗಿದ್ದವು. ಕರಾರಿನ ಪ್ರತಿಯನ್ನೋ ಸಂಬಳದ ಚೀಟಿಯನ್ನೋ ಊರಿನ ಮನೆಯಲ್ಲಿ ಇರಿಸಿದ್ದವನಿಗೂ ಎಲ್ಲವನ್ನೂ ಕುವೈಟಿನ ಕೋಣೆಯಲ್ಲೇ ಬಿಟ್ಟು ಬಂದವನಿಗೂ ಇದ್ದ ಅಂತರವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಇನ್ನು ಕಾನೂನಿನ ಮಾತು. ಪರದೇಶಕ್ಕೆ ದುಡಿಯಲು ಹೋಗುವವರ ರಕ್ಷಣೆಗೆಂದು ನಮ್ಮ ದೇಶದಲ್ಲಿ 1983ರ ವಲಸೆ ಕಾಯಿದೆ ಇದೆ. ನೋಂದಣಿ ಇಲ್ಲದೆ ಯಾರೂ ಪರದೇಶದ ಕೆಲಸಕ್ಕೆ ಜನರನ್ನು ನೇಮಿಸಿಕೊಡುವಂತಿಲ್ಲ ಎಂದು ಅದು ವಿಧಿಸುತ್ತದೆ. ಹತ್ತನೆಯ ತರಗತಿ ತೇರ್ಗಡೆಯಾಗದವರಿಗೆ ಸಾಮಾನ್ಯವಾಗಿ ಸಿಗುವುದು ಇ.ಸಿ.ಆರ್. ಪಾಸ್‌ಪೋರ್ಟು. ಅಂಥವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ ಸರಕಾರ ಗುರುತಿಸಿರುವ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆಗಾರರ ಸಂರಕ್ಷಣಾಧಿಕಾರಿಯ ಅನುಮತಿ ಬೇಕು. 2014ರಿಂದ ಈ ವ್ಯವಹಾರವು 'ಇ-ಮೈಗ್ರೇಟ್' ಎಂಬ ಗಣಕ ವ್ಯವಸ್ಥೆಯ ಮೂಲಕ ನಡೆಯುತ್ತಿದೆ. ಉದ್ಯೋಗದಾತನ ಹೆಸರು, ಏಜೆಂಟನ ನೋಂದಣಿ, ಕರಾರಿನ ಷರತ್ತುಗಳು ಇವೆಲ್ಲವೂ ಅಲ್ಲಿ ದಾಖಲಾಗಬೇಕು.

ಇಲ್ಲಿಯೇ ನಮ್ಮ ಜಿಲ್ಲೆಯ ಮಟ್ಟಿಗೆ ಒಂದು ವಿಚಿತ್ರವಿದೆ. 2011ರ ಜನಗಣತಿಯಂತೆ ಉಡುಪಿ ಜಿಲ್ಲೆಯ ಸಾಕ್ಷರತೆ ಶೇಕಡಾ 86.24. ನಮ್ಮ ಯುವಕ ಯುವತಿಯರಲ್ಲಿ ಹತ್ತನೆಯ ತರಗತಿ ಮುಗಿಸದವರು ಕಡಿಮೆ. ಮಣಿಪಾಲದ ಕಾಲೇಜುಗಳಲ್ಲಿ ಇಂಜಿನಿಯರಿಂಗ್, ನರ್ಸಿಂಗ್, ಹೊಟೇಲ್ ನಿರ್ವಹಣೆ ಕಲಿತವರು ಬಹಳ. ಹೀಗಾಗಿ ನಮ್ಮವರ ಕೈಯಲ್ಲಿರುವುದು ಬಹುಪಾಲು ಇ.ಸಿ.ಎನ್.ಆರ್. ವರ್ಗದ, ಅಂದರೆ ವಲಸೆ ಅನುಮತಿ ಬೇಕಿಲ್ಲದ ಪಾಸ್‌ಪೋರ್ಟು. ಅದನ್ನು ನಾವು ಗೌರವದ ಗುರುತೆಂದೇ ಭಾವಿಸಿದ್ದೇವೆ. ವಾಸ್ತವದಲ್ಲಿ ಅದರ ಅರ್ಥ, ಹೊರಡುವ ಮುನ್ನ ನಮ್ಮ ಕರಾರನ್ನು ಯಾವ ಸರಕಾರಿ ಅಧಿಕಾರಿಯೂ ನೋಡುವುದಿಲ್ಲ ಎಂದಾಗಿದೆ. ಈ ವರ್ಗದವರೂ ಹೊರಡುವ ಮೊದಲು ಹೆಸರು ನೋಂದಾಯಿಸುವುದನ್ನು 2019ರ ಜನವರಿಯಿಂದ ಕಡ್ಡಾಯ ಮಾಡುವುದಾಗಿ ಸರಕಾರ 2018ರ ನವೆಂಬರಿನಲ್ಲಿ ಪ್ರಕಟಿಸಿತ್ತು. ಆಕ್ಷೇಪಗಳು ಬಂದ ಕಾರಣ ಅದೇ ತಿಂಗಳಲ್ಲಿ ಅದನ್ನು ತಡೆಹಿಡಿಯಿತು. ಓದಿದವನು ತನ್ನ ಕಾಗದವನ್ನು ತಾನೇ ಓದಿಕೊಳ್ಳುತ್ತಾನೆಂಬುದು ಕಾನೂನಿನ ನಂಬಿಕೆ. ಆತ ಓದುತ್ತಾನೆಯೇ ಎಂಬುದು ನಮ್ಮ ಪ್ರಶ್ನೆ.

ಓದದಿರುವುದಕ್ಕೆ ಅಜ್ಞಾನಕ್ಕಿಂತ ದಾಕ್ಷಿಣ್ಯವೇ ದೊಡ್ಡ ಕಾರಣವೆಂದು ನಮ್ಮ ಅಭಿಪ್ರಾಯ. ನೋಂದಾಯಿತ ಏಜೆನ್ಸಿಯ ಕಚೇರಿ ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಇರುತ್ತದೆ. ನಮ್ಮ ಮನೆಯ ಜಗಲಿಗೆ ಬಂದು ಕುಳಿತುಕೊಳ್ಳುವವನು ಉಪ ಏಜೆಂಟ್. ಆತ ಪರಕೀಯನಲ್ಲ. ಪಕ್ಕದ ವಾಳೆಯವನು, ನಮ್ಮ ಮದುವೆಗೆ ಬಂದವನು, ಒಂದೊಮ್ಮೆ ನೆಂಟನೂ ಹೌದು. "ಏನು ಮಾರಾಯ್ರೆ, ನನ್ನ ಮೇಲೆ ಭರವಸೆ ಇಲ್ಲವೇ?" ಎಂದು ಆತ ಕೇಳಿದರೆ ರಶೀದಿಯ ಮಾತು ಬಾಯಲ್ಲೇ ಉಳಿಯುತ್ತದೆ. ಆತನ ಮನಸ್ಸಿನಲ್ಲಿ ಮೋಸವಿಲ್ಲದಿರಲೂಬಹುದು. ಮೇಲಿನವನು ಹೇಳಿದ್ದನ್ನು ಆತ ನಮಗೆ ಹೇಳುತ್ತಾನೆ, ಅಷ್ಟೆ. ಆದರೆ 1983ರ ಕಾಯಿದೆಯಲ್ಲಿ ಉಪ ಏಜೆಂಟ್ ಎಂಬ ವ್ಯಕ್ತಿಯೇ ಇಲ್ಲ. ಆತನ ಕೈಗೆ ಕೊಟ್ಟ ಹಣ ಕಾನೂನಿನ ಕಣ್ಣಿಗೆ ಯಾರಿಗೂ ಕೊಡದ ಹಣದಂತೆ. ನೋಂದಾಯಿತ ಏಜೆಂಟನೂ ತನ್ನ ಸೇವೆಗೆ 30,000 ರೂಪಾಯಿ ಮತ್ತು ಅದರ ಮೇಲಿನ ಶೇಕಡಾ 18 ಜಿ.ಎಸ್.ಟಿ., ಒಟ್ಟು 35,400 ರೂಪಾಯಿಗಳಿಗಿಂತ ಹೆಚ್ಚು ಪಡೆಯುವಂತಿಲ್ಲ. ಪಡೆದುದಕ್ಕೆ ರಶೀದಿ ಕೊಡಲೇಬೇಕು. ಒಂದೂವರೆ ಲಕ್ಷ, ಎರಡು ಲಕ್ಷ ಎಂದು ಮಾತಾಡುವವನ ಮುಂದೆ ಈ ಒಂದು ಅಂಕೆಯನ್ನು ಹೇಳಿ ನೋಡಿ, ಆತನ ಮುಖವೇ ಉಳಿದುದನ್ನು ತಿಳಿಸುತ್ತದೆ. ನೋಂದಣಿ ಇಲ್ಲದೆ ಈ ದಂಧೆ ನಡೆಸಿದವನಿಗೆ ಕಾಯಿದೆ ವಿಧಿಸುವ ಶಿಕ್ಷೆಯೆಂದರೆ ಎರಡು ವರ್ಷಗಳವರೆಗಿನ ಸೆರೆವಾಸ ಮತ್ತು 2,000 ರೂಪಾಯಿಗಳವರೆಗಿನ ದಂಡ. 1983ರಲ್ಲಿ ಅದು ದೊಡ್ಡ ಮೊತ್ತವಾಗಿದ್ದಿರಬಹುದು! ಕಾಯಿದೆಯನ್ನು ಬದಲಿಸಲು 2019, 2021 ಮತ್ತು 2025ರಲ್ಲಿ ಮಸೂದೆಗಳ ಕರಡು ಪ್ರಕಟವಾಗಿ ಜನರ ಅಭಿಪ್ರಾಯ ಕೇಳಲಾಗಿದೆ.

ಮಾತನ್ನು ನಂಬಿ ಹೊರಟರೆ ಏನಾಗಬಹುದು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2016ರಲ್ಲಿ ನಮ್ಮದೇ ಉಡುಪಿ ಜಿಲ್ಲೆಯ ಒಬ್ಬ ತಾಯಿಗೆ ಕತಾರಿನಲ್ಲಿ ಮನೆಗೆಲಸವೆಂದು ನಂಬಿಸಲಾಯಿತು. ಆಕೆ ತಲಪಿದುದು ಸೌದಿ ಅರೇಬಿಯಕ್ಕೆ. ಹೇಳಿದ ದೇಶವೇ ಬೇರೆ, ಹೋದ ದೇಶವೇ ಬೇರೆ ಎಂದ ಮೇಲೆ ಸಂಬಳದ, ವಿಶ್ರಾಂತಿಯ ಮಾತೆಲ್ಲಿ ಬಂತು? ತಾನು ಹಣ ಕೊಟ್ಟು ಕರೆಸಿಕೊಂಡಿದ್ದೇನೆ, ಆ ಹಣ ಹಿಂದೆ ಬಾರದೆ ಕಳುಹಿಸುವುದಿಲ್ಲ ಎಂಬುದು ಅಲ್ಲಿನ ಮಾಲಿಕನ ವಾದವಾಗಿತ್ತು. ಉಡುಪಿಯ ಮಾನವ ಹಕ್ಕುಗಳ ಸಂರಕ್ಷಣಾ ಪ್ರತಿಷ್ಠಾನದ ಡಾ. ರವೀಂದ್ರನಾಥ ಶಾನುಭಾಗರು ಈ ಪ್ರಕರಣವನ್ನು ಕೈಗೆತ್ತಿಕೊಂಡು ಪತ್ರಿಕೆಗಳ, ಸರಕಾರದ, ರಾಯಭಾರ ಕಚೇರಿಯ ಬಾಗಿಲು ತಟ್ಟಿದರು. ಆಕೆ ಮನೆಗೆ ಮರಳಿದುದು 2017ರ ಸೆಪ್ಟೆಂಬರಿನಲ್ಲಿ. ಇ.ಸಿ.ಆರ್. ಪಾಸ್‌ಪೋರ್ಟಿನ ಮಹಿಳೆಯರನ್ನು ಸರಕಾರಿ ಸಂಸ್ಥೆಗಳ ಮೂಲಕವೇ ನೇಮಿಸಬೇಕೆಂಬ ಆದೇಶ ಜಾರಿಗೆ ಬಂದುದು 2016ರ ಆಗಸ್ಟ್ 2ರಂದು. ಮೂವತ್ತು ವರ್ಷ ತುಂಬದ ಇಂತಹ ಮಹಿಳೆಯರಿಗೆ ವಲಸೆ ಅನುಮತಿ ಕೊಡುವುದೂ ಇಲ್ಲ. ಆದರೂ 'ವಿಸಿಟ್ ವೀಸಾದಲ್ಲಿ ಹೋಗು, ಆಮೇಲೆ ಬದಲಿಸೋಣ' ಎಂಬ ಮಾತು ನಮ್ಮ ಕಡೆ ಈಗಲೂ ಕೇಳಿಬರುತ್ತದೆ. ಸಂದರ್ಶಕರ ವೀಸಾದಲ್ಲಿ ದುಡಿಯುವುದು ಆ ದೇಶಗಳಲ್ಲಿ ಅಪರಾಧ. ದೂರು ಕೊಡಹೋದವನೇ ಅಪರಾಧಿಯಾಗಿ ನಿಲ್ಲುವ ಸ್ಥಿತಿ ಅದು.

'ಫ್ರೀ ವೀಸಾ' ಎಂಬ ಇನ್ನೊಂದು ಶಬ್ದವನ್ನೂ ಇಲ್ಲಿ ಹೇಳಿಬಿಡಬೇಕು. ಒಬ್ಬನ ಹೆಸರಿನಲ್ಲಿ ವೀಸಾ, ಕೆಲಸ ಮಾತ್ರ ಸಿಕ್ಕಿದಲ್ಲಿ. ಇದಕ್ಕೆ ಲಕ್ಷಗಟ್ಟಲೆ ತೆತ್ತ ಮೇಲೂ ಅದನ್ನು ಫ್ರೀ ಎಂದು ಕರೆಯುವವರು ನಾವು. ಕರಾರಿನಲ್ಲಿ ಹೆಸರಿರುವ ಮಾಲಿಕನ ಹೊರತು ಬೇರೊಬ್ಬನಲ್ಲಿ ಅನುಮತಿ ಇಲ್ಲದೆ ದುಡಿದರೆ ಸಂಬಳ ಬಾರದಿದ್ದಾಗ ಕೇಳಲು ಯಾವ ಕಾಗದವೂ ಇರುವುದಿಲ್ಲ.

ಈಗ ಕಾಗದವನ್ನೇ ಬಿಡಿಸಿ ನೋಡೋಣ. ನಮ್ಮವರು ಬಹುಸಂಖ್ಯೆಯಲ್ಲಿರುವ ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2016ರ ಜನವರಿ 1ರಿಂದ ಒಂದು ಒಳ್ಳೆಯ ನಿಯಮವಿದೆ. ಕಂಪೆನಿಯು ಅಲ್ಲಿನ ಸಚಿವಾಲಯದ ನಿಗದಿತ ನಮೂನೆಯಲ್ಲೇ ನೇಮಕಾತಿ ಪತ್ರ ಕೊಡಬೇಕು. ಕೆಲಸಗಾರ ಅದನ್ನು ಓದಿ ಸಹಿ ಮಾಡಿದ ಮೇಲೆಯೇ ಮುಂದಿನ ಕ್ರಮ. ಅಲ್ಲಿಗೆ ತಲಪಿದ ಮೇಲೆ ನೋಂದಾಯಿಸುವ ಕರಾರು ಈ ಪತ್ರಕ್ಕೆ ಸರಿಹೊಂದಬೇಕು. ಕೆಲಸಗಾರನಿಗೆ ಲಾಭವಾಗುವ ಬದಲಾವಣೆಗೆ, ಅದೂ ಸಚಿವಾಲಯದ ಒಪ್ಪಿಗೆಯೊಂದಿಗೆ, ಮಾತ್ರ ಅವಕಾಶ. ಇಲ್ಲಿ ಒಂದು ಸಂಬಳ ತೋರಿಸಿ ಅಲ್ಲಿ ಮತ್ತೊಂದಕ್ಕೆ ಸಹಿ ಹಾಕಿಸುವ ಹಳೆಯ ಚಾಳಿಯನ್ನು ತಡೆಯಲೆಂದೇ ಈ ನಿಯಮ ಬಂದುದು. ಅರಬ್ಬಿ, ಇಂಗ್ಲಿಷ್ ಭಾಷೆಗಳಲ್ಲದೆ ಕೆಲಸಗಾರನಿಗೆ ತಿಳಿಯುವ ಭಾಷೆಯಲ್ಲೂ ಪತ್ರವಿರಲಿ ಎಂದು ಒಟ್ಟು ಹನ್ನೊಂದು ಭಾಷೆಗಳಲ್ಲಿ ನಮೂನೆ ಸಿದ್ಧಪಡಿಸಲಾಯಿತು. ಹಿಂದಿ, ಮಲಯಾಳ, ತಮಿಳು, ಉರ್ದು, ಬಂಗಾಳಿ, ನೇಪಾಳಿ, ಸಿಂಹಳ, ಚೀನಿ, ದರಿ ಭಾಷೆಗಳು ಆ ಪಟ್ಟಿಯಲ್ಲಿದ್ದವು. ಕನ್ನಡ ಇರಲಿಲ್ಲ. ಕೊಂಕಣಿ, ತುಳುವಿನ ಮಾತಂತೂ ದೂರ. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತ ಕಾರ್ಕಳದ ಡ್ರೈವರನೊಬ್ಬ ತನ್ನ ಬಾಳಿನ ದೊಡ್ಡ ಕಾಗದವನ್ನು ನಾಲ್ಕನೆಯ ಭಾಷೆಯಲ್ಲಿ ಓದಬೇಕು. ನೆರೆಯ ಕೇರಳದವನಿಗೆ ಈ ಕಷ್ಟವಿಲ್ಲ. ಈ ಬಗ್ಗೆ ನಮ್ಮ ಜನಪ್ರತಿನಿಧಿಗಳು ದನಿ ಎತ್ತಬಹುದಾಗಿತ್ತು ಎನ್ನದೆ ವಿಧಿಯಿಲ್ಲ.

ಪತ್ರದಲ್ಲಿ ಮೊದಲು ನೋಡಬೇಕಾದುದು ಮೂಲವೇತನ. ಒಟ್ಟು ಸಂಬಳ 2,000 ದಿರ್ಹಮ್ ಎಂದು ಏಜೆಂಟ್ ಹೇಳಿದರೆ ಅದು ಸುಳ್ಳಾಗಿರಬೇಕೆಂದಿಲ್ಲ. ಆದರೆ ಅದರಲ್ಲಿ ಮೂಲವೇತನ 1,000, ಉಳಿದುದು ಭತ್ಯೆ ಎಂದಿರಬಹುದು. ಆ ದೇಶದಲ್ಲಿ ಕೆಲಸ ಬಿಟ್ಟು ಬರುವಾಗ ದೊರೆಯುವ ಗ್ರಾಚ್ಯುಟಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಮೂಲವೇತನದಷ್ಟು. ಐದು ವರ್ಷ ದುಡಿದವನಿಗೆ 105 ದಿನಗಳ ವೇತನ. ಮೂಲವೇತನ 2,000 ಇದ್ದರೆ 7,000 ದಿರ್ಹಮ್, 1,000 ಇದ್ದರೆ 3,500. ಒಂದೇ ಕೆಲಸ, ಒಂದೇ ತಿಂಗಳ ಸಂಬಳ, ಐದು ವರ್ಷಗಳ ಬೆವರು. ಊರಿಗೆ ಮರಳುವ ದಿನ ಕೈಗೆ ಬರುವ ಗಂಟು ಮಾತ್ರ ಅರ್ಧ. ಇದನ್ನು ಮೋಸವೆನ್ನಲು ಬರುವುದಿಲ್ಲ, ಏಕೆಂದರೆ ಎಲ್ಲವೂ ಸಹಿ ಮಾಡಿದ ಕಾಗದದಲ್ಲೇ ಇರುತ್ತದೆ.

ಎರಡನೆಯದು ಹುದ್ದೆಯ ಹೆಸರು. ಇಲ್ಲಿ ಮೆಕ್ಯಾನಿಕ್ ಎಂದು ಹೇಳಿ ಕಾಗದದಲ್ಲಿ ಹೆಲ್ಪರ್ ಎಂದು ಬರೆದಿದ್ದರೆ ಸಂಬಳದ ತಕರಾರು ಬಂದಾಗ ಗೆಲ್ಲುವುದು ಕಾಗದವೇ. ಪ್ರೊಬೇಷನ್ ಅವಧಿ 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಅಲ್ಲಿನ ಕಾನೂನಿನಂತೆ ಆರು ತಿಂಗಳನ್ನು ಮೀರುವಂತಿಲ್ಲ. ಆ ಅವಧಿಯಲ್ಲಿ ಕೆಲಸದಿಂದ ತೆಗೆಯಬೇಕಾದರೂ ಹದಿನಾಲ್ಕು ದಿನಗಳ ಲಿಖಿತ ನೋಟೀಸು ಬೇಕು. ದಿನಕ್ಕೆ ಎಂಟು, ವಾರಕ್ಕೆ ನಲವತ್ತೆಂಟು ಗಂಟೆಗಳ ಮಿತಿ ಇದೆ. ಹೆಚ್ಚು ದುಡಿಸಿದರೆ ಹೆಚ್ಚುವರಿ ವೇತನವಿದೆ. ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡುವುದನ್ನು ಅದೇ ಕಾನೂನು ನಿಷೇಧಿಸುತ್ತದೆ. ಸೌದಿ ಅರೇಬಿಯದ ಕಾರ್ಮಿಕ ಕಾನೂನೂ ನೇಮಕಾತಿಯ ಶುಲ್ಕ, ಇಕಾಮಾದ ಖರ್ಚು, ಕರಾರು ಮುಗಿದ ಮೇಲಿನ ಟಿಕೇಟು ಮಾಲಿಕನ ಹೊಣೆಯೆನ್ನುತ್ತದೆ. ಕತಾರ್ 2021ರ ಮಾರ್ಚಿನಿಂದ ತಿಂಗಳಿಗೆ ಕನಿಷ್ಠ 1,000 ರಿಯಾಲ್ ಮೂಲವೇತನ, ವಸತಿ ಕೊಡದಿದ್ದರೆ 500, ಊಟ ಕೊಡದಿದ್ದರೆ 300 ಎಂದು ವಿಧಿಸಿತು. ಹಾಗಿರುವಾಗ ಅಲ್ಲಿನ ಕಾನೂನು ಮಾಲಿಕನ ತಲೆಗೆ ಕಟ್ಟಿದ ಖರ್ಚಿಗೆ ಇಲ್ಲಿ ತಾಯಿಯ ಸರ ಅಡವಾಗುವುದೇಕೆ?

ಮನೆಗೆಲಸಕ್ಕೆ ಹೋಗುವವರಿಗೆ ಈ ಸಾಮಾನ್ಯ ಕಾರ್ಮಿಕ ಕಾನೂನುಗಳು ಅನ್ವಯಿಸುವುದಿಲ್ಲ. ಅವರಿಗೆ ಬೇರೆ ನಿಯಮಗಳಿವೆ, ರಕ್ಷಣೆಯೂ ಕಡಿಮೆ. ನಾಲ್ಕು ಗೋಡೆಗಳ ಒಳಗೆ ನಡೆಯುವುದನ್ನು ತಪಾಸಣೆ ಮಾಡುವವರು ಯಾರು? ಅಂಥವರ ವಿಷಯದಲ್ಲಿ ಕರಾರನ್ನು ಎರಡು ಬಾರಿ ಓದುವುದು ಅಗತ್ಯ.

ನರ್ಸುಗಳ ವಿಷಯ ಬೇರೆ. ಕುವೈಟಿನ ನೇಮಕಾತಿಯಲ್ಲಿ ಒಬ್ಬೊಬ್ಬರಿಂದ ಹತ್ತೊಂಬತ್ತು ಇಪ್ಪತ್ತು ಲಕ್ಷ ಸುಲಿದ ಪ್ರಕರಣ ಕೇರಳದಲ್ಲಿ ಬಯಲಾದ ಬಳಿಕ, ಪಾಸ್‌ಪೋರ್ಟು ಯಾವ ವರ್ಗದ್ದಾದರೂ ನರ್ಸುಗಳಿಗೆ ವಲಸೆ ಅನುಮತಿ ಕಡ್ಡಾಯ, ನೇಮಕಾತಿ ಸರಕಾರಿ ಸಂಸ್ಥೆಗಳ ಮೂಲಕ ಎಂದು 2015ರಲ್ಲಿ ಆದೇಶವಾಯಿತು. ಇದರಿಂದ ವಿಳಂಬವಾಗುತ್ತದೆ ಎಂಬ ದೂರಿದೆ, ಇರಬಹುದು. ಇಪ್ಪತ್ತು ಲಕ್ಷದ ಸಾಲಕ್ಕಿಂತ ಆರು ತಿಂಗಳ ವಿಳಂಬ ಲೇಸೆಂದು ನಾವು ಬಗೆಯುತ್ತೇವೆ. ವೃದ್ಧರ ಆರೈಕೆಗೆಂದು ಇಸ್ರೇಲಿಗೆ ಹೋಗಿರುವ ನಮ್ಮ ಸಹೋದರಿಯರೂ ಸಹೋದರರೂ ಅನೇಕರಿದ್ದಾರೆ. 2023ರ ಅಕ್ಟೋಬರ್ 7ರ ಅನಂತರ ಅವರ ಮನೆಯವರು ಪಟ್ಟ ಆತಂಕ ನಮ್ಮ ಧರ್ಮಕೇಂದ್ರಗಳಿಗೆ ತಿಳಿದಿದೆ. ಇತ್ತ 'ಡಿಜಿಟಲ್ ಮಾರಾಟ'ದ ಕೆಲಸ, ಥಾಯ್ಲೆಂಡಿನಲ್ಲಿ ಸಂಬಳ ಎಂಬ ನೇಮಕಾತಿ ಪತ್ರ ನಂಬಿ ಹೊರಟ ಕಂಪ್ಯೂಟರ್ ಪದವೀಧರರನ್ನು ಮಿಯಾನ್ಮಾರದ ಗಡಿಯೊಳಗೆ ಸಾಗಿಸಿ ವಂಚನೆಯ ಕೆಲಸಕ್ಕೆ ಹಚ್ಚಿದ ಬಗ್ಗೆ ವಿದೇಶಾಂಗ ಸಚಿವಾಲಯ 2022ರಲ್ಲಿ ಎಚ್ಚರಿಕೆ ಹೊರಡಿಸಬೇಕಾಯಿತು. ಪದವಿ ಇದ್ದವನು ಮೋಸಹೋಗಲಾರ ಎಂಬ ಭ್ರಮೆ ಬೇಡ.

ನಮ್ಮ ಧರ್ಮಕೇಂದ್ರಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ಗಲ್ಫಿನಲ್ಲಿ ದುಡಿದು ನಿವೃತ್ತರಾಗಿ ಬಂದ ಹಿರಿಯರು ಅನೇಕರಿದ್ದಾರೆ. ಕಂಪೆನಿಗಳ ಲೆಕ್ಕಪತ್ರ ನೋಡಿದವರು, ಸಿಬ್ಬಂದಿ ವಿಭಾಗದಲ್ಲಿ ಕುಳಿತು ಇಂಥ ಕರಾರುಗಳನ್ನು ತಾವೇ ಟೈಪು ಮಾಡಿದವರು ಅವರಲ್ಲಿದ್ದಾರೆ. ಹೊರಡಲಿರುವ ಹುಡುಗ ತನ್ನ ಕಾಗದವನ್ನು ಅಂಥವರೊಬ್ಬರ ಬಳಿ ಒಯ್ದು "ಅಂಕಲ್, ಇದನ್ನೊಮ್ಮೆ ನೋಡಿ" ಎಂದರೆ ಅರ್ಧ ಗಂಟೆಯಲ್ಲಿ ವಿಷಯ ತಿಳಿಯುತ್ತದೆ. ವಾಳೆಯ ಗುರ್ಕಾರರು, ಕಥೋಲಿಕ ಸಭೆಯ ಘಟಕಗಳು ಭಾನುವಾರದ ಪೂಜೆಯ ಬಳಿಕ ತಿಂಗಳಿಗೊಮ್ಮೆ ಇದಕ್ಕೊಂದು ವ್ಯವಸ್ಥೆ ಮಾಡಿದರೆ ಏಜೆಂಟನ ಮುಂದೆ ಪ್ರಶ್ನೆ ಕೇಳಲು ಸಂಕೋಚಪಡುವ ತಂದೆತಾಯಿಯರಿಗೂ ಅನುಕೂಲವಾದೀತು. "ಇಗರ್ಜಿಯಲ್ಲಿ ತೋರಿಸಿ ಬರಬೇಕಂತೆ" ಎಂದು ಹೇಳಿ ಕಾಗದ ಕೇಳುವುದು ಸುಲಭ, ನೆಂಟಸ್ತಿಕೆಯೂ ಕೆಡುವುದಿಲ್ಲ.

ಹಣ ಕೊಡುವ ಮುನ್ನ ಏಜೆಂಟನ ನೋಂದಣಿ ಸಂಖ್ಯೆ ಕೇಳಿ ಅದನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ಪರೀಕ್ಷಿಸಬಹುದು. ಇ.ಸಿ.ಆರ್. ವರ್ಗದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಕಂತಿಗೆ ಅಪಘಾತದ ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿಗಳ ವಿಮೆ. ಆ ಪಾಲಿಸಿಯ ಪ್ರತಿ ಮನೆಯಲ್ಲಿರಲಿ. ಸಹಿಯಾದ ನೇಮಕಾತಿ ಪತ್ರ, ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ, ಹಣ ಕೊಟ್ಟ ರಶೀದಿ ಇವುಗಳ ಒಂದು ಪ್ರತಿಯನ್ನು ಹೊರಡುವವನ ಚೀಲದಲ್ಲಿ ಇಟ್ಟಂತೆ ಇನ್ನೊಂದನ್ನು ತಾಯಿಯ ಅಥವಾ ಹೆಂಡತಿಯ ಕಪಾಟಿನಲ್ಲಿ ಇರಿಸತಕ್ಕದ್ದು. ಅಲ್ಲಿ ನೋಂದಾಯಿಸಿದ ಕರಾರಿನ ಪ್ರತಿ ಕೈಸೇರಿದ ದಿನವೇ ಅದರ ಫೋಟೋ ತೆಗೆದು ಮನೆಗೆ ಕಳುಹಿಸಲಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಅಂಕೆಗಳನ್ನು ತಾಳೆ ನೋಡುವ ಕೆಲಸ ಮನೆಯವರದು. ವ್ಯತ್ಯಾಸ ಕಂಡರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಗೆ, ಇಲ್ಲವೇ ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದ ಮೂಲಕ ದೂರು ಸಲ್ಲಿಸಬಹುದು. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಶುಲ್ಕರಹಿತ ದೂರವಾಣಿ 1800 11 3090; ಹೊರಡುವ ಮೊದಲೂ ಅಲ್ಲಿ ಮಾಹಿತಿ ಕೇಳಬಹುದು.